ಇ ಸೊನ್ನೆ, ಬಿ ಎರಡು

ಆ ರಾತ್ರಿ ನಮ್ಮ ಸರ್ವರಿಗೆ ಒಂದೇ ಒಂದು ಕ್ರ್ಯಾಶ್ ರಿಪೋರ್ಟ್, ಅಂದರೆ ಸಿಸ್ಟಮ್ ಬಿದ್ದಾಗ ಏನಾಯಿತು ಅಂತ ಹೇಳುವ ವರದಿ, ಬಂದಿತ್ತು. ಮೂರು ವಾರದಿಂದ ನಾನು ಕಾಯುತ್ತಿದ್ದದ್ದು ಅಂಥದ್ದೊಂದಕ್ಕೇ. ಊಟದ ತಟ್ಟೆ ಸಿಂಕಿನಲ್ಲಿಟ್ಟು ಬಂದು ಕೂತವನು ಎದ್ದಾಗ ಎರಡು ಗಂಟೆ.

ಮೊದಲು ಹಿನ್ನೆಲೆ ಹೇಳಿಬಿಡುತ್ತೇನೆ. ನಾನು ಮತ್ತು ಇಬ್ಬರು ಗೆಳೆಯರು ಆರು ವರ್ಷದಿಂದ ಒಂದು ಪುಟ್ಟ ಆಪರೇಟಿಂಗ್ ಸಿಸ್ಟಮ್ ಬರೆಯುತ್ತಿದ್ದೇವೆ. ಸಂಬಳ ಬರುವ ಕೆಲಸ ಬೇರೆ ಇದೆ. ಇದು ಭಾನುವಾರದ್ದು, ರಾತ್ರಿಯದ್ದು. ಸಿಸ್ಟಮ್ಮಿನ ತಿರುಳಾದ ಕರ್ನಲ್ ನಮ್ಮದು, ಫೈಲ್ ಸಿಸ್ಟಮ್ ನಮ್ಮದು, ನೆಟ್‌ವರ್ಕಿನ ಕೋಡ್ ನಮ್ಮದು. ಕನ್ನಡದ ಒತ್ತಕ್ಷರ ಸರಿಯಾಗಿ ಕೂರಲಿ ಅಂತ ಹಾರ್ಫ್‌ಬಝ್ ಲೈಬ್ರರಿಯನ್ನು ತಂದು ಜೋಡಿಸಲು ನಾಲ್ಕು ತಿಂಗಳು ಹಿಡಿಯಿತು. 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿ ಅಭ್ಯಾಸ ಇರುವವರಿಗೆ ಕೈ ತಪ್ಪದಿರಲಿ ಅಂತ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವನ್ನೇ ಹಾಕಿದೆವು. ಒಂದು ಸಣ್ಣ ಎಡಿಟರ್ ಕೂಡ ಇದೆ. ಅದರಲ್ಲಿ ಮೊದಲ ಸಲ 'ರಾಷ್ಟ್ರ' ಅಂತ ಸರಿಯಾಗಿ ಮೂಡಿದ ದಿನ ನಾವು ಮೂವರೂ ಫೋನಿನಲ್ಲಿ ಕೂಗಾಡಿದ್ದೆವು.

ಬಳಸುವವರು ಇಪ್ಪತ್ತಮೂರು ಜನ. ದಿನವೂ ಬಳಸುವವರು ಇನ್ನೂ ಕಡಿಮೆ.

ಇಂಥ ಕೆಲಸ ಮಾಡುವ ಯಾರನ್ನಾದರೂ ಕೇಳಿ, ಒಂದೇ ಕಥೆ ಹೇಳುತ್ತಾರೆ. ಕ್ಯೂಎಮು ಅನ್ನುವ ನಕಲಿ ಕಂಪ್ಯೂಟರಿನ ಒಳಗೆ ಎಲ್ಲ ಚೆನ್ನಾಗಿ ಓಡುತ್ತದೆ. ಪೆನ್‌ಡ್ರೈವಿಗೆ ಹಾಕಿ ನಿಜವಾದ ಲ್ಯಾಪ್‌ಟಾಪಿಗೆ ಚುಚ್ಚಿದರೆ ಬಿದ್ದುಹೋಗುತ್ತದೆ. ಒಬ್ಬರ ಹತ್ತಿರ ಕೀಬೋರ್ಡ್ ಕೆಲಸ ಮಾಡಲ್ಲ. ಇನ್ನೊಬ್ಬರ ಹತ್ತಿರ ಬೂಟ್ ಆಗಿ ನಲವತ್ತು ಸೆಕೆಂಡಿಗೆ ಸ್ಕ್ರೀನ್ ಹೆಪ್ಪುಗಟ್ಟುತ್ತದೆ. ದೊಡ್ಡ ಕಂಪನಿಗಳಿಗೆ ಸಾವಿರಾರು ಮಾದರಿ ಯಂತ್ರ ತುಂಬಿದ ಲ್ಯಾಬ್ ಇರುತ್ತದೆ. ನಮ್ಮ ಲ್ಯಾಬ್ ಅಂದರೆ ಬಳಸುವವರ ಮನೆ. ಅಲ್ಲಿ ಏನಾಯಿತು ಅಂತ ನಮಗೆ ತಿಳಿಯಬೇಕು. ತಿಳಿಯದಿದ್ದರೆ ರಿಪೇರಿ ಮಾಡೋದು ಹೇಗೆ?

ಹಾಗಾಗಿ ಒಂದು ವ್ಯವಸ್ಥೆ ಬರೆದೆ. ಕರ್ನಲ್ ಬಿದ್ದ ತಕ್ಷಣ ನೆಟ್‌ವರ್ಕ್ ನಂಬಲಾಗದು. ಅದಕ್ಕೆ ಬೀಳುವ ಮುನ್ನ ರಿಜಿಸ್ಟರುಗಳು (ಪ್ರೊಸೆಸರ್ ಆ ಕ್ಷಣ ಕೈಯಲ್ಲಿ ಹಿಡಿದಿದ್ದ ಸಂಖ್ಯೆಗಳು), ಸ್ಟ್ಯಾಕ್ (ಯಾವ ಕೆಲಸದ ನಡುವೆ ಇತ್ತು ಅನ್ನುವ ಪಟ್ಟಿ), ಯಂತ್ರದ ಮಾದರಿ, ಒಳಗಿರುವ ಸಾಧನಗಳ ಪಟ್ಟಿ ಎಲ್ಲವನ್ನೂ ಡಿಸ್ಕಿನ ಮೀಸಲು ಜಾಗದಲ್ಲಿ ಬರೆದಿಡುವುದು. ಮುಂದಿನ ಸಲ ಬೂಟ್ ಆದಾಗ ಅದನ್ನು ನಮ್ಮ ಸರ್ವರಿಗೆ ಕಳಿಸುವುದು. ರಿಜಿಸ್ಟರಿನಲ್ಲಿರುವ ವಿಳಾಸ ಯಾವುದಾದರೂ ಮೆಮೊರಿ ಪುಟವನ್ನು ತೋರಿಸುತ್ತಿದ್ದರೆ ಆ ಪುಟವನ್ನೂ ಜೊತೆಗೆ ಕಟ್ಟುವುದು. ಬಗ್ ಹುಡುಕುವವನಿಗೆ ಅದು ಬಂಗಾರ. ಹೆಸರಿಲ್ಲ, ಇಮೇಲ್ ಇಲ್ಲ, ಇನ್‌ಸ್ಟಾಲ್ ಆಗುವಾಗ ಹುಟ್ಟುವ ಒಂದು ಯಾದೃಚ್ಛಿಕ ಸಂಖ್ಯೆ ಮಾತ್ರ. ಅನಾಮಿಕ ಅಂತ ನಾನು ನಿಜವಾಗಲೂ ನಂಬಿದ್ದೆ. ಬಿಡುಗಡೆ ಟಿಪ್ಪಣಿಯಲ್ಲಿ ಒಂದು ಸಾಲಿನಲ್ಲಿ ಬರೆದೂ ಇದ್ದೆ. ಕೇಳಿರಲಿಲ್ಲ, ಅಷ್ಟೇ. ಹೇಳುವುದಕ್ಕೂ ಕೇಳುವುದಕ್ಕೂ ಎಷ್ಟು ದೂರ ಇದೆ ಅಂತ ಆಗ ಹೊಳೆದಿರಲಿಲ್ಲ.

ಆ ರಾತ್ರಿ ಬಂದ ರಿಪೋರ್ಟಿನಲ್ಲಿ ಅಂಥ ಒಂದು ಪುಟ ಇತ್ತು. 4096 ಬೈಟ್.

ಮೆಮೊರಿಯಲ್ಲಿದ್ದದ್ದನ್ನು ಹಾಗೇ ಸಂಖ್ಯೆಗಳಲ್ಲಿ ತೋರಿಸುವ ಹೆಕ್ಸ್ ಡಂಪ್ ನೋಡಿದವರಿಗೆ ಗೊತ್ತು. ಎಡಗಡೆ ಸಂಖ್ಯೆಗಳ ಸಾಲು (ಇದರಲ್ಲಿ ಎ ಇಂದ ಎಫ್ ವರೆಗಿನ ಅಕ್ಷರಗಳೂ ಅಂಕಿಗಳೇ), ಬಲಗಡೆ ಅದೇ ಬೈಟುಗಳು ಅಕ್ಷರವಾಗಿ. ಇಂಗ್ಲಿಷ್ ಆದರೆ ಬಲಗಡೆ ನೇರವಾಗಿ ಓದಬಹುದು. ಕನ್ನಡ ಹಾಗೆ ಕಾಣಿಸಲ್ಲ. ಬರೀ ಚುಕ್ಕಿ, ಚುಕ್ಕಿ, ಚುಕ್ಕಿ. ಆದರೆ ನಾಲ್ಕು ತಿಂಗಳು ಒತ್ತಕ್ಷರದ ಜೊತೆ ಗುದ್ದಾಡಿದ ಕಣ್ಣಿಗೆ ಎಡಗಡೆಯ ಸಂಖ್ಯೆಯೇ ಸಾಕು. ಯೂನಿಕೋಡನ್ನು ಬರೆದಿಡುವ ಯುಟಿಎಫ್-8 ರೂಪದಲ್ಲಿ ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟ್. ಮೊದಲನೆಯದು ಯಾವಾಗಲೂ ಇ ಸೊನ್ನೆ. ಎರಡನೆಯದು ಬಿ ಎರಡು ಅಥವಾ ಬಿ ಮೂರು. ಆ ಪುಟದ ತುಂಬ ಅದೇ ಇತ್ತು. ಇ ಸೊನ್ನೆ, ಬಿ ಎರಡು. ಇ ಸೊನ್ನೆ, ಬಿ ಮೂರು. ಸಾಲು ಸಾಲು.

ಇ ಸೊನ್ನೆ, ಬಿ ಎರಡು, ಎಂಟು ಐದು. ಅದು ಅ. ಇ ಸೊನ್ನೆ, ಬಿ ಎರಡು, ಎ ಇ. ಅದು ಮ. ಇ ಸೊನ್ನೆ, ಬಿ ಮೂರು, ಎಂಟು ಡಿ. ಅದು ಒತ್ತು ಮೂಡಿಸುವ ಹಲಂತ. ಆಮೇಲೆ ಮತ್ತೆ ಮ.

ಅಮ್ಮ.

ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಇನ್ನೂ ಎರಡು ಸಾಲು ಬಿಡಿಸಿದೆ. ಅಣ್ಣನಿಗೆ ಬರೆಯುತ್ತಿದ್ದ ಕಾಗದ ಅದು. ಅಮ್ಮನ ಚಿಕಿತ್ಸೆ, ಖರ್ಚು, ಯಾರು ಎಷ್ಟು ಕೊಡಬೇಕು ಅನ್ನುವ ಮಾತು. ಎಡಿಟರ್ ಆ ಕಾಗದವನ್ನು ಡಿಸ್ಕಿಗೆ ಬರೆಯಲು ಹೇಳಿದ ಕ್ಷಣದಲ್ಲೇ ಡಿಸ್ಕ್ ಡ್ರೈವರ್ ಬಿದ್ದಿದೆ. ಬಿದ್ದಾಗ ರಿಜಿಸ್ಟರಿನಲ್ಲಿ ಇದ್ದದ್ದು ಕಾಗದದ ವಿಳಾಸ. ನನ್ನ ಕೋಡ್ ಹೇಳಿದ ಹಾಗೆ ಕೇಳಿತು, ಆ ಪುಟವನ್ನು ಕಟ್ಟಿ ಕಳಿಸಿತು. ಕೋಡಿನಲ್ಲಿ ತಪ್ಪೇನೂ ಇರಲಿಲ್ಲ. ನಾನು ಬರೆದದ್ದೇ ಅದನ್ನು.

ಬರೆದವರು ಯಾರು ಅಂತ ತಿಳಿಯಲು ನನಗೆ ಒಂದು ನಿಮಿಷವೂ ಬೇಕಾಗಲಿಲ್ಲ. ಇಪ್ಪತ್ತಮೂರು ಜನರಲ್ಲಿ ಕನ್ನಡ ಟೈಪ್ ಮಾಡುವವರು ನಾಲ್ವರು. ಅವರಲ್ಲಿ ಆ ಮಾದರಿಯ ಹಳೇ ಲ್ಯಾಪ್‌ಟಾಪ್ ಇರುವುದು ಒಬ್ಬರ ಹತ್ತಿರ. ಅವರಿಗೆ ವೈಫೈ ಹತ್ತಿಸಿಕೊಡಲು ನಾನೇ ಒಂದು ಶನಿವಾರ ಪೂರ್ತಿ ಕೂತಿದ್ದೆ. ಯಾದೃಚ್ಛಿಕ ಸಂಖ್ಯೆ ಅಲ್ಲೇ ಇತ್ತು. ಏನನ್ನೂ ಮುಚ್ಚಲಿಲ್ಲ.

ಮರುದಿನ ಬೆಳಿಗ್ಗೆ ಅವರಿಗೆ ಫೋನ್ ಮಾಡಿದೆ. ವಯಸ್ಸಿನಲ್ಲಿ ನನಗಿಂತ ತುಂಬ ದೊಡ್ಡವರು. ಅವರ ಊರು, ಕೆಲಸ ಇಲ್ಲಿ ಬರೆಯುವುದಿಲ್ಲ. ಇಷ್ಟನ್ನು ಬರೆಯುವುದಕ್ಕೂ ಅವರನ್ನು ಕೇಳಿದ್ದೇನೆ. ಕಾಗದದ ಬಗ್ಗೆ ಮೇಲೆ ಬರೆದದ್ದರಲ್ಲೂ ಒಂದೆರಡು ವಿವರ ಬದಲಿಸಿದ್ದೇನೆ.

"ಸರ್, ನಿನ್ನೆ ನಿಮ್ಮ ಸಿಸ್ಟಮ್ ಬಿದ್ದಿತ್ತಲ್ಲ, ಅದರ ರಿಪೋರ್ಟ್ ನನಗೆ ಬಂತು. ನೀವು ಬರೆಯುತ್ತಿದ್ದ ಕಾಗದದ ಒಂದು ಭಾಗವೂ ಅದರ ಜೊತೆ ಬಂದುಬಿಟ್ಟಿದೆ."

"ಅಯ್ಯೋ, ಪರವಾಗಿಲ್ಲ ಬಿಡಿ. ಬಗ್ ಸಿಕ್ತಲ್ಲ?"

ಆಮೇಲೆ ಸ್ವಲ್ಪ ಹೊತ್ತು ಮಾತಿಲ್ಲ.

"ಅಲ್ಲಾ, ಅದನ್ನ ನೀವು ಓದಿದ್ರಾ?"

"ಹೌದು ಸರ್. ಎರಡು ಸಾಲು ಓದಿದೆ. ಅಳಿಸಿದ್ದೇನೆ. ಓದಬಾರದಿತ್ತು."

"ಹ್ಞೂಂ," ಅಂದರು. "ನೀವು ಅಂತ ಸರಿ." ಆಮೇಲೆ ಮಾತು ಬೇರೆ ಕಡೆ ತಿರುಗಿಸಿದರು.

ಆ 'ನೀವು ಅಂತ ಸರಿ' ನನ್ನ ತಲೆಯಿಂದ ಹೋಗಿಲ್ಲ. ಅವರು ನಂಬಿದ್ದು ನನ್ನನ್ನು. ಮಾಹಿತಿ ಕೂತಿದ್ದು ತಿಂಗಳಿಗೆ ಇಂತಿಷ್ಟು ಅಂತ ಬಾಡಿಗೆ ಕೊಡುವ ಒಂದು ಸರ್ವರಿನಲ್ಲಿ. ಅದರ ಪಾಸ್‌ವರ್ಡ್ ನಮ್ಮ ಮೂವರ ಹತ್ತಿರವೂ ಇದೆ. ಅದರ ಬ್ಯಾಕಪ್ ಎಲ್ಲೆಲ್ಲಿ ಹೋಗುತ್ತದೆ ಅಂತ ಅವತ್ತಿನವರೆಗೆ ನಾನು ಒಂದು ಸಲವೂ ನೋಡಿರಲಿಲ್ಲ. ಫೋನ್ ಇಟ್ಟ ಮೇಲೆ ನೋಡಿದೆ. ಅಳಿಸಿದೆ ಅಂತ ಅವರಿಗೆ ಹೇಳಿದ್ದ ಕಡತ ಹಿಂದಿನ ಎರಡು ಬ್ಯಾಕಪ್ಪಿನಲ್ಲಿ ಹಾಗೇ ಇತ್ತು. ಅವನ್ನೂ ತೆಗೆದು, ಮತ್ತೆ ಫೋನ್ ಮಾಡಿ ಹೇಳಿದೆ.

ಅವತ್ತಿನಿಂದ ನಾನು ಜಾಸ್ತಿ ಯೋಚಿಸಿದ್ದು ಈ ಸಂಖ್ಯೆಯ ಬಗ್ಗೆ. ಇಪ್ಪತ್ತಮೂರು.

ಡೇಟಾ ಸಂಗ್ರಹದ ಚರ್ಚೆ ಬಂದಾಗ ನಾವೆಲ್ಲ ಬೈಯುವುದು ದೊಡ್ಡವರನ್ನು. ಕೋಟಿಗಟ್ಟಲೆ ಜನರ ಮಾಹಿತಿ ಗುಡ್ಡೆ ಹಾಕುವವರನ್ನು. ಬೈಯಬೇಕಾದ್ದೇ. ಆದರೆ ಅನಾಮಿಕತೆ ಅನ್ನುವುದು ಒಂದು ವಿಷಯದಲ್ಲಿ ಜಾತ್ರೆಯ ಹಾಗೆ. ಜನ ಜಾಸ್ತಿ ಇದ್ದಷ್ಟೂ ಒಬ್ಬ ಕಳೆದುಹೋಗುವುದು ಸುಲಭ. ಕೋಟಿ ಜನರಲ್ಲಿ 'ಎಂಟು ಜಿಬಿ ಮೆಮೊರಿ, ಕನ್ನಡ ಕೀಲಿಮಣೆ' ಅಂದರೆ ಸಾವಿರಾರು ಜನ ಸಿಗುತ್ತಾರೆ. ನಮ್ಮ ಇಪ್ಪತ್ತಮೂರರಲ್ಲಿ ಅದು ಒಬ್ಬರ ಮುಖ. ದೊಡ್ಡವರು ಗದ್ದಲ ಬೆರೆಸಿ, ಸ್ಯಾಂಪಲ್ ತೆಗೆದು, ಗುಂಪು ಮಾಡಿ ಒಬ್ಬೊಬ್ಬರನ್ನು ಮರೆಮಾಡುವ ಲೆಕ್ಕಗಳೆಲ್ಲ ಜನ ಇದ್ದರೆ ಮಾತ್ರ ನಡೆಯುತ್ತವೆ. ಜಾತ್ರೆಯೇ ಇಲ್ಲದ ಬಯಲಲ್ಲಿ ಯಾರು ಎಲ್ಲಿ ಅಡಗುತ್ತಾರೆ?

ದೊಡ್ಡ ಗುಂಪಿನಲ್ಲೂ ಇದು ಸುಲಭವಲ್ಲ. 2010ರಲ್ಲಿ ಡಿಜಿಟಲ್ ಹಕ್ಕುಗಳಿಗಾಗಿ ಹೋರಾಡುವ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ 'ಪ್ಯಾನಾಪ್ಟಿಕ್ಲಿಕ್' ಅನ್ನುವ ಪ್ರಯೋಗದ ಫಲಿತಾಂಶ ಪ್ರಕಟಿಸಿತು. ಸುಮಾರು 4,70,000 ಬ್ರೌಸರ್‌ಗಳನ್ನು ನೋಡಿದ್ದರು. ಹೆಸರು ಕೇಳಿಲ್ಲ. ಬ್ರೌಸರ್ ತಾನಾಗಿ ಹೇಳಿಕೊಳ್ಳುವ ಆವೃತ್ತಿ, ಫಾಂಟುಗಳ ಪಟ್ಟಿ, ಸ್ಕ್ರೀನಿನ ಅಳತೆ, ಸಮಯ ವಲಯ, ಇಷ್ಟೇ. ಅವುಗಳಲ್ಲಿ ಶೇ. 83.6ರಷ್ಟು ಬ್ರೌಸರ್‌ಗಳ ಗುರುತು ಬೇರೆ ಯಾವುದಕ್ಕೂ ಹೊಂದಲಿಲ್ಲ. ಸಾಮಾನ್ಯ ಯಂತ್ರ ಬಳಸುವವರ ಕಥೆ ಇದು. ವೆಬ್‌ಪಾಸಿಟಿವ್ ಬ್ರೌಸರ್ ಹಾಕಿಕೊಂಡು 'ಹೈಕು' ಅನ್ನುವ ಅಪರೂಪದ ಸಿಸ್ಟಮ್ ನಮ್ಮದು ಅಂತ ಘೋಷಿಸುತ್ತ ಓಡಾಡುವವರ ಗತಿ ಯೋಚಿಸಿ. ಅಪರೂಪದ ಸಿಸ್ಟಮ್ ಬಳಸುವುದೇ ಒಂದು ಗುರುತು. ಖಾಸಗಿಯಾಗಿರೋಣ ಅಂತ ದೊಡ್ಡ ರಸ್ತೆ ಬಿಟ್ಟು ಕಾಲುದಾರಿಗೆ ಬಂದವರ ಹೆಜ್ಜೆ ಆ ಮಣ್ಣಿನಲ್ಲಿ ಇನ್ನೂ ಸ್ಪಷ್ಟವಾಗಿ ಮೂಡುತ್ತದೆ.

ಆ ವಾರ ನಮ್ಮ ಸಿಸ್ಟಮ್ ಹೊರಗೆ ಏನೇನು ಚೆಲ್ಲುತ್ತದೆ ಅಂತ ಒಂದೊಂದಾಗಿ ಪಟ್ಟಿ ಮಾಡಿದೆ. ಮಾಡುತ್ತ ಮಾಡುತ್ತ ಹೊಟ್ಟೆಯಲ್ಲಿ ಸಂಕಟ ಶುರುವಾಯಿತು. ಯಾಕೆಂದರೆ ಅದರಲ್ಲಿ ಅರ್ಧ ನಾವು ಸಂಗ್ರಹಿಸಲು ಹೊರಟದ್ದೇ ಅಲ್ಲ.

ಯಂತ್ರದ ಮಾದರಿ ಬೇಕು ಅಂತ ನಾವು ಫರ್ಮ್‌ವೇರಿನ ಎಸ್‌ಎಂಬಯಾಸ್ ಕೋಷ್ಟಕ (ಯಂತ್ರದ ವಿವರಗಳ ಪಟ್ಟಿ) ಓದುತ್ತಿದ್ದೆವು. ಆ ಕೋಷ್ಟಕದಲ್ಲಿ ಮಾದರಿಯ ಪಕ್ಕದಲ್ಲೇ ಲ್ಯಾಪ್‌ಟಾಪಿನ ಸೀರಿಯಲ್ ನಂಬರ್ ಇರುತ್ತದೆ. ಯುಯುಐಡಿ ಅನ್ನುವ ಇನ್ನೊಂದು ಗುರುತು ಸಂಖ್ಯೆಯೂ ಇರುತ್ತದೆ. ಇಡೀ ಕೋಷ್ಟಕ ಕಳಿಸುವುದು ಸುಲಭ, ನಾಲ್ಕು ಸಾಲು ಕೋಡ್. ಬೇಕಾದಷ್ಟು ಮಾತ್ರ ಬಿಡಿಸಿ ಕಳಿಸಲು ನಲವತ್ತು ಸಾಲು. ನಾನು ನಾಲ್ಕು ಸಾಲು ಬರೆದಿದ್ದೆ. ಮಾನಿಟರಿನ ರೆಸಲ್ಯೂಷನ್ ಬೇಕು ಅಂತ ಅದು ತನ್ನ ಬಗ್ಗೆ ಹೇಳಿಕೊಳ್ಳುವ ಇಡಿಐಡಿ ಓದಿದರೆ ಅದರಲ್ಲಿ ಮಾನಿಟರ್ ತಯಾರಾದ ವಾರ, ವರ್ಷ, ಅದರ ಸೀರಿಯಲ್ ಕೂಡ ಬರಬಹುದು. ಯುಎಸ್‌ಬಿ ಸಾಧನಗಳ ಪಟ್ಟಿ ತೆಗೆದರೆ ಪೆನ್‌ಡ್ರೈವ್ ತನ್ನ ಸೀರಿಯಲ್ ನಂಬರನ್ನು ಒಪ್ಪಿಸುತ್ತದೆ. ಯಾರೂ ಕೇಳಿರಲಿಲ್ಲ. ಸುಮ್ನೆ ಬಂದು ಬಿದ್ದದ್ದು. ಬಂದದ್ದನ್ನು ನಾವು ಇಟ್ಟುಕೊಂಡೆವು.

ನನಗೆ ಎಲ್ಲಕ್ಕಿಂತ ಜಾಸ್ತಿ ನೋವಾದದ್ದು ಇಂಟರ್ನೆಟ್ ವಿಳಾಸಗಳ ಹೊಸ ಪದ್ಧತಿಯಾದ ಐಪಿವಿ6ರ ಕೋಡ್ ನೋಡಿದಾಗ. ಅದನ್ನು ಬರೆದದ್ದು ನಾನೇ, ತುಂಬ ಪ್ರೀತಿಯಿಂದ. ಐಪಿವಿ6ರಲ್ಲಿ ಯಂತ್ರ ತನ್ನ ವಿಳಾಸವನ್ನು ತಾನೇ ಕಟ್ಟಿಕೊಳ್ಳಬಹುದು. ಅದಕ್ಕೆ ಹಳೆಯ, ಸುಲಭದ ದಾರಿ ಹೀಗೆ: ನೆಟ್‌ವರ್ಕ್ ಕಾರ್ಡಿನ ಮ್ಯಾಕ್ ಅಡ್ರೆಸ್ (ಕಾರ್ಡಿನ ಗುರುತು ಸಂಖ್ಯೆ) ತಗೊಂಡು, ಎರಡು ಭಾಗ ಮಾಡಿ, ನಡುವೆ ಎಫ್‌ಎಫ್ ಎಫ್‌ಇ ಸೇರಿಸಿ, ಒಂದು ಬಿಟ್ ತಿರುಗಿಸುವುದು. ಅದೇ ವಿಳಾಸದ ದ್ವಿತೀಯಾರ್ಧ. ಓದಲು ಚಂದ, ಬರೆಯಲು ಇಪ್ಪತ್ತು ನಿಮಿಷ. ಆದರೆ ಮ್ಯಾಕ್ ಅಡ್ರೆಸ್ ಕಾರ್ಡಿಗೆ ಹುಟ್ಟಿನಿಂದ ಬಂದದ್ದು, ಬದಲಾಗುವುದಿಲ್ಲ. ಮನೆಯಲ್ಲಿ ಕೂತರೂ, ಆಫೀಸಿಗೆ ಹೋದರೂ, ಇನ್ನೊಂದು ಊರಿನ ಲಾಡ್ಜಿನಲ್ಲಿ ವೈಫೈ ಹಾಕಿದರೂ ವಿಳಾಸದ ಆ ಅರ್ಧ ಹಾಗೇ ಇರುತ್ತದೆ. ಅವರು ನೋಡುವ ಪ್ರತಿ ಜಾಲತಾಣಕ್ಕೂ ಅದು ಕಾಣುತ್ತದೆ. ಇದು ಸರಿಯಲ್ಲ ಅಂತ ಇಂಟರ್ನೆಟ್ಟಿನ ಮಾನದಂಡ ಬರೆಯುವವರಿಗೆ 2001ರಲ್ಲೇ ಗೊತ್ತಿತ್ತು. ಆಗಾಗ ಬದಲಾಗುವ ತಾತ್ಕಾಲಿಕ ವಿಳಾಸ ಕಟ್ಟುವ ವಿಧಾನವನ್ನು ಆ ವರ್ಷವೇ ಬರೆದಿಟ್ಟರು. ಇವತ್ತು ದೊಡ್ಡ ಸಿಸ್ಟಮ್‌ಗಳೆಲ್ಲ ಅದನ್ನು ಪಾಲಿಸುತ್ತವೆ. ನಾನು ಮೊದಲ ವಿಧಾನ ಬರೆದೆ, ಸಂಪರ್ಕ ಪರೀಕ್ಷಿಸುವ ಪಿಂಗಿಗೆ ಉತ್ತರ ಬಂತು, ಖುಷಿಯಾಯಿತು, ಮುಂದಿನ ಕೆಲಸಕ್ಕೆ ಹೋದೆ.

ಪ್ರಯೋಗದ ಸಿಸ್ಟಮ್‌ಗಳಲ್ಲಿ ಖಾಸಗಿತನ ಸೋರುವುದು ಹೆಚ್ಚಾಗಿ ಹೀಗೆಯೇ. ಯಾರಿಗೂ ಕೆಟ್ಟ ಉದ್ದೇಶ ಇರುವುದಿಲ್ಲ. ಮೊದಲು ಕೆಲಸ ಮಾಡಲಿ, ಆಮೇಲೆ ಸರಿಮಾಡೋಣ ಅಂತ ಬಿಟ್ಟ ಜಾಗದಿಂದ ಹನಿ ಹನಿಯಾಗಿ ಹೋಗುತ್ತದೆ.

ಅಪ್‌ಡೇಟ್ ನೋಡುವ ಕೋಡ್ ಕೂಡ ಹಾಗೇ. ದಿನಕ್ಕೊಂದು ಸಲ ನಮ್ಮ ಸರ್ವರನ್ನು ಕೇಳುತ್ತದೆ: ಹೊಸದು ಇದೆಯಾ? ಅಷ್ಟೇ ಪ್ರಶ್ನೆ. ಆದರೆ ಸರ್ವರಿನ ಲಾಗಿನಲ್ಲಿ ಐಪಿ ಅಡ್ರೆಸ್ ಮತ್ತು ಸಮಯ ಉಳಿಯುತ್ತದೆ. ಇಪ್ಪತ್ತಮೂರು ಜನರ ಲಾಗ್ ತೆರೆದು ನೋಡಿದರೆ ಯಾರು ಎಷ್ಟು ಹೊತ್ತಿಗೆ ಏಳುತ್ತಾರೆ, ಯಾರು ಹಬ್ಬಕ್ಕೆ ಊರಿಗೆ ಹೋದರು ಅಂತ ಹೇಳಬಹುದಿತ್ತು. ನಾನು ನೋಡಿ ಖಚಿತಪಡಿಸಿಕೊಳ್ಳಲಿಲ್ಲ. ಲಾಗ್ ಬರೆಯುವುದನ್ನೇ ನಿಲ್ಲಿಸಿದೆ.

ನನ್ನ ಗೆಳೆಯನಿಗೆ ಇದೆಲ್ಲ ಅತಿ ಅನ್ನಿಸಿತು. ಡ್ರೈವರ್‌ಗಳನ್ನು ಬರೆಯುವುದು ಅವನೇ, ರಿಪೋರ್ಟ್ ಇಲ್ಲದೆ ಒದ್ದಾಡುವುದೂ ಅವನೇ.

"ಲೋ, ನಾವೇನು ಜಾಹೀರಾತು ಮಾರ್ತೀವಾ? ಬಗ್ ತೆಗೀಬೇಕು ಅಂತ ತಾನೇ ತಗೊಳ್ಳೋದು? ಇದೂ ಇಲ್ಲ ಅಂದ್ರೆ ನಾನು ಕತ್ತಲಲ್ಲಿ ಕೋಲು ಬೀಸ್ತಾ ಕೂರಬೇಕಾ?"

ಅವನ ಮಾತು ಸುಳ್ಳಲ್ಲ. ರಿಪೋರ್ಟ್ ಬರಲು ಶುರುವಾದ ಮೇಲೆ ಅವನು ಎರಡು ತಿಂಗಳಲ್ಲಿ ಹನ್ನೊಂದು ಬಗ್ ತೆಗೆದಿದ್ದ. ಅದಕ್ಕೂ ಮುಂಚೆ ವರ್ಷಕ್ಕೆ ಅಷ್ಟು ಸಿಗುತ್ತಿರಲಿಲ್ಲ. ಮಾಹಿತಿ ಬೇಡವೇ ಬೇಡ ಅನ್ನುವವರು ಈ ಕೆಲಸ ಮಾಡಿ ನೋಡಿಲ್ಲ ಅಂತ ನನಗೂ ಅನ್ನಿಸುತ್ತದೆ. ಟೆಂಪಲ್‌ಓಎಸ್ ಹಾಗೆ ನೆಟ್‌ವರ್ಕೇ ಇಲ್ಲದ ಸಿಸ್ಟಮ್ ಬರೆದರೆ ಈ ಪ್ರಶ್ನೆ ಹುಟ್ಟುವುದೇ ಇಲ್ಲ. ನಮಗೆ ನೆಟ್‌ವರ್ಕ್ ಬೇಕು. ಹಾಗಾದರೆ ಪ್ರಶ್ನೆ ಉಳಿಯುವುದು ಹೇಗೆ ತಗೊಳ್ಳಬೇಕು ಅನ್ನುವುದರಲ್ಲಿ.

ಬೇರೆಯವರು ಏನು ಮಾಡಿದ್ದಾರೆ ಅಂತ ನೋಡಿದೆ. ಡೆಬಿಯನ್ ಅನ್ನುವ ಲಿನಕ್ಸ್ ಸಿಸ್ಟಮ್ಮಿನಲ್ಲಿ ಯಾವ ಪ್ಯಾಕೇಜ್ ಎಷ್ಟು ಜನ ಬಳಸುತ್ತಾರೆ ಅಂತ ಎಣಿಸುವ ಪಾಪ್‌ಕಾನ್ ತುಂಬ ಹಳೆಯದು. ಇನ್‌ಸ್ಟಾಲ್ ಆಗುವಾಗ ನೇರವಾಗಿ ಕೇಳುತ್ತದೆ, ಏನೂ ಮುಟ್ಟದೆ ಎಂಟರ್ ಒತ್ತಿದರೆ ಉತ್ತರ 'ಬೇಡ'. ಇದಕ್ಕೆ ಉಲ್ಟಾ ಇನ್ನೊಂದು ಲಿನಕ್ಸ್, 2012ರ ಉಬುಂಟು 12.10. ಅದರಲ್ಲಿ ನಿಮ್ಮ ಕಂಪ್ಯೂಟರಿನಲ್ಲಿರುವ ಕಡತ ಹುಡುಕಲು ಟೈಪ್ ಮಾಡಿದರೆ ಆ ಪದ ಉಬುಂಟು ಮಾಡುವ ಕ್ಯಾನಾನಿಕಲ್ ಕಂಪನಿಯ ಸರ್ವರಿಗೆ ಹೋಗಿ, ಅಮೆಜಾನಿನ ಸರಕುಗಳು ಉತ್ತರವಾಗಿ ಬರುತ್ತಿದ್ದವು. ಯಾರೂ ಮೊದಲು ಕೇಳಿರಲಿಲ್ಲ. ಸ್ವತಂತ್ರ ತಂತ್ರಾಂಶ ಚಳವಳಿ ಶುರುಮಾಡಿದ ರಿಚರ್ಡ್ ಸ್ಟಾಲ್‌ಮನ್ ಅದನ್ನು ಬೇಹುಗಾರಿಕೆ ಅಂತಲೇ ಕರೆದರು. 2016ರ 16.04ರಲ್ಲಿ ಅದನ್ನು ತಾನಾಗಿ ನಡೆಯದಂತೆ ಆಫ್ ಮಾಡಿದರು. ನಾಲ್ಕು ವರ್ಷ ಬೇಕಾಯಿತು. 2023ರ ಫೆಬ್ರುವರಿಯಲ್ಲಿ ಗೋ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ತಂಡದ ರಸ್ ಕಾಕ್ಸ್ ಟೆಲಿಮೆಟ್ರಿಯ (ಬಳಕೆಯ ಮಾಹಿತಿ ತಾನಾಗಿ ಕಳಿಸುವುದರ) ಯೋಜನೆ ಮುಂದಿಟ್ಟಾಗ ತುಂಬ ಎಚ್ಚರಿಕೆಯ ವಿನ್ಯಾಸವೇ ಇತ್ತು, ಆದರೆ ಬೇಡದವರು ಆಫ್ ಮಾಡಿಕೊಳ್ಳಬೇಕಿತ್ತು. ಜನ ಒಪ್ಪಲಿಲ್ಲ. ಅದೇ ತಿಂಗಳು ಅವರು ತಿರುಗಿಸಿದರು: ಬೇಕಾದವರು ಆನ್ ಮಾಡಿಕೊಳ್ಳಲಿ. ಒಂದು ಟಿಕ್ ಗುರುತು ಯಾವ ಕಡೆ ಇರಬೇಕು ಅನ್ನುವುದಕ್ಕೆ ಇಷ್ಟು ಗಲಾಟೆ ಯಾಕೆ ಅಂತ ಅವತ್ತು ಅಂದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ.

ನನಗೆ ದಾರಿ ತೋರಿಸಿದ್ದು ಮಾತ್ರ ಹೈಕು.

ಹೈಕು ಗೊತ್ತಿಲ್ಲದವರಿಗೆ ಎರಡು ಮಾತು. ಬಿಓಎಸ್ ಅನ್ನುವ ಸಿಸ್ಟಮ್ ಮಾಡಿದ್ದ ಬಿ ಕಂಪನಿ 2001ರಲ್ಲಿ ಮಾರಾಟವಾದಾಗ, ಅದನ್ನು ಪ್ರೀತಿಸುತ್ತಿದ್ದವರು ಮತ್ತೆ ಮೊದಲಿನಿಂದ ಬರೆಯಲು ಹೊರಟರು. ಇಪ್ಪತ್ತಕ್ಕೂ ಜಾಸ್ತಿ ವರ್ಷವಾಯಿತು. 2018ರಲ್ಲಿ ಮೊದಲ ಬೀಟಾ, 2024ರ ಸೆಪ್ಟೆಂಬರಿನಲ್ಲಿ ಐದನೇ ಬೀಟಾ. ನನ್ನ ಇನ್ನೊಂದು ಲ್ಯಾಪ್‌ಟಾಪಿನಲ್ಲಿ ಅದೇ ಇದೆ.

ಅದರಲ್ಲಿ ಒಂದು ಪ್ರೋಗ್ರಾಂ ಬಿದ್ದರೆ ಸಣ್ಣ ಕಿಟಕಿ ತೆರೆದುಕೊಳ್ಳುತ್ತದೆ. ಮುಚ್ಚಬೇಕಾ, ಡೀಬಗ್ ಮಾಡಬೇಕಾ, ರಿಪೋರ್ಟ್ ಉಳಿಸಬೇಕಾ ಅಂತ ಕೇಳುತ್ತದೆ. ಉಳಿಸಿ ಅಂದರೆ ರಿಪೋರ್ಟ್ ಎಲ್ಲಿಗೂ ಹೋಗುವುದಿಲ್ಲ. ನಿಮ್ಮ ಡೆಸ್ಕ್‌ಟಾಪಿನ ಮೇಲೆ ಒಂದು ಪಠ್ಯ ಕಡತವಾಗಿ ಬಂದು ಕೂರುತ್ತದೆ. ಡಬಲ್ ಕ್ಲಿಕ್ ಮಾಡಿದರೆ ತೆರೆಯುತ್ತದೆ. ಯಾವ ಪ್ರೊಸೆಸರ್, ಎಷ್ಟು ಮೆಮೊರಿ, ಯಾವ ಆವೃತ್ತಿ, ಯಾವ ಥ್ರೆಡ್ ಎಲ್ಲಿ ಬಿತ್ತು, ಎಲ್ಲ ಓದಬಹುದು. ಕಳಿಸಬೇಕು ಅನ್ನಿಸಿದರೆ ನೀವೇ ಅವರ ಬಗ್ ಪಟ್ಟಿಗೆ ಹೋಗಿ, ಏನಾಯಿತು ಅಂತ ಬರೆದು, ಕಡತ ಲಗತ್ತಿಸಬೇಕು. ಮೊದಲ ಸಲ ಆ ಕಡತ ಕಂಡಾಗ ಇದೇನು ಹಳೇ ಕಾಲದ್ದು ಅನ್ನಿಸಿತ್ತು. ಆ ಕಾಗದದ ಘಟನೆ ಆದ ಮೇಲೆ ಮತ್ತೆ ಅದೇ ಲ್ಯಾಪ್‌ಟಾಪ್ ತೆಗೆದು, ಬೇಕಂತಲೇ ಒಂದು ಪ್ರೋಗ್ರಾಂ ಬೀಳಿಸಿ, ಡೆಸ್ಕ್‌ಟಾಪಿನ ಮೇಲೆ ಕೂತ ಆ ಕಡತವನ್ನು ತುಂಬ ಹೊತ್ತು ನೋಡಿದೆ. ಅದು ನನ್ನ ಮನೆಯ ಜಗುಲಿಯ ಮೇಲಿತ್ತು. ಹೊಸಿಲು ದಾಟಬೇಕಾದರೆ ನಾನೇ ಎತ್ತಿ ಕೊಡಬೇಕು.

ಇನ್ನೊಂದು ಸಣ್ಣ ವಿಷಯ. ಹೈಕುವಿನಲ್ಲಿ ಬಳಕೆದಾರ ಒಬ್ಬನೇ. ಮನೆಯ ಫೋಲ್ಡರ್ ಎಲ್ಲರಿಗೂ ಒಂದೇ ದಾರಿಯಲ್ಲಿ ಸಿಗುತ್ತದೆ, ಅದರಲ್ಲಿ ನಿಮ್ಮ ಹೆಸರು ಬರುವುದಿಲ್ಲ. ಲಿನಕ್ಸಿನಲ್ಲಾದರೆ ಹೋಮ್ ಆದ ಮೇಲೆ ನಿಮ್ಮ ಲಾಗಿನ್ ಹೆಸರು ಇರುತ್ತದೆ, ಯಾವ ಲಾಗ್ ಅಂಟಿಸಿದರೂ ಅದು ಜೊತೆಗೆ ಹೋಗುತ್ತದೆ. ಹೈಕುವಿನವರು ಇದನ್ನು ಖಾಸಗಿತನಕ್ಕಾಗಿ ಮಾಡಿದ್ದಲ್ಲ, ಬಿಓಎಸ್ ಹಾಗಿತ್ತು, ಇದೂ ಹಾಗಿದೆ. ಇದರ ಇನ್ನೊಂದು ಮುಖವೂ ಇದೆ. ಒಬ್ಬನೇ ಬಳಕೆದಾರ ಅಂದರೆ ಪ್ರತಿ ಪ್ರೋಗ್ರಾಮಿಗೂ ಎಲ್ಲ ಕಡತದ ಮೇಲೂ ಅಧಿಕಾರ. ಒಳಗಿನ ಗೋಡೆ ಕಡಿಮೆ. ಆ ವಿಷಯದಲ್ಲಿ ನನಗೆ ಸೆರೆನಿಟಿಓಎಸ್ ಇಷ್ಟ. ಆಂಡ್ರಿಯಾಸ್ ಕ್ಲಿಂಗ್ 2018ರಲ್ಲಿ ಒಬ್ಬರೇ ಶುರುಮಾಡಿದ ಹವ್ಯಾಸದ ಸಿಸ್ಟಮ್ ಅದು. ಓಪನ್‌ಬಿಎಸ್‌ಡಿಯ 'ಪ್ಲೆಜ್' ಮತ್ತು 'ಅನ್‌ವೇಲ್' ಅನ್ನುವ ಎರಡು ಕಾವಲು ವ್ಯವಸ್ಥೆಗಳನ್ನು ಅಲ್ಲಿಗೆ ತಂದಿದ್ದಾರೆ. ಒಂದು ಪ್ರೋಗ್ರಾಂ ತನಗೆ ಯಾವ ಕೆಲಸ ಬೇಕು, ಯಾವ ಫೋಲ್ಡರ್ ಕಾಣಬೇಕು ಅಂತ ಮೊದಲೇ ಹೇಳಿಕೊಳ್ಳುತ್ತದೆ, ಅದರಾಚೆ ಕೈ ಚಾಚಿದರೆ ಕರ್ನಲ್ ತಡೆಯುತ್ತದೆ. ಸಂಬಳವಿಲ್ಲದ ಕೆಲಸದಲ್ಲೂ ಇಷ್ಟು ಕಟ್ಟುನಿಟ್ಟು ಸಾಧ್ಯ ಅಂತ ತೋರಿಸಿದ್ದಾರೆ.

'ಇದು ಹವ್ಯಾಸ ತಾನೇ' ಅನ್ನುವ ಮಾತನ್ನು ನಾನೂ ಎಷ್ಟೋ ಸಲ ಹೇಳಿದ್ದೇನೆ. ಕಾನೂನು ಕೂಡ ಸ್ವಲ್ಪ ಹಾಗೇ ನೋಡುತ್ತದೆ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದ್ದು 2017ರ ಆಗಸ್ಟ್ 24ರಂದು. ಆ ಪ್ರಕರಣಕ್ಕೆ ಹೆಸರು ಕೊಟ್ಟವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಎಂಬತ್ತು ದಾಟಿದ ವಯಸ್ಸಿನಲ್ಲಿ ಕೋರ್ಟಿಗೆ ಹೋದವರು. ಆಮೇಲೆ 2023ರಲ್ಲಿ ವೈಯಕ್ತಿಕ ಡೇಟಾ ರಕ್ಷಣೆಯ ಕಾಯ್ದೆ ಬಂತು. ಒಬ್ಬ ವ್ಯಕ್ತಿ ತನ್ನ ಸ್ವಂತ ಅಥವಾ ಮನೆಯ ಉದ್ದೇಶಕ್ಕೆ ಮಾಹಿತಿ ಬಳಸಿದರೆ ಆ ಕಾಯ್ದೆ ಅನ್ವಯಿಸುವುದಿಲ್ಲ. ನಮ್ಮಂಥವರ ಕೆಲಸ ಆ ವಿನಾಯಿತಿಯ ಒಳಗೋ ಹೊರಗೋ ಅಂತ ವಕೀಲರು ವಾದಿಸಬಹುದು. ನನಗೆ ಆ ವಾದ ಬೇಡ. 'ಅದನ್ನ ನೀವು ಓದಿದ್ರಾ' ಅಂತ ಕೇಳಿದವರಿಗೆ ಕಾಯ್ದೆಯ ಯಾವ ಸೆಕ್ಷನ್ನೂ ಉತ್ತರ ಅಲ್ಲ.

ಇನ್ನೊಂದು, ಹವ್ಯಾಸ ಎಲ್ಲಿಗೆ ಹೋಗಿ ನಿಲ್ಲುತ್ತದೆ ಅಂತ ಬರೆದವರಿಗೇ ಗೊತ್ತಿರುವುದಿಲ್ಲ. 1991ರ ಆಗಸ್ಟಿನಲ್ಲಿ ಲಿನಸ್ ಟೊರ್ವಾಲ್ಡ್ಸ್ ಮುಂದೆ ಲಿನಕ್ಸ್ ಆದ ತಮ್ಮ ಸಿಸ್ಟಮ್ ಬಗ್ಗೆ ಮೊದಲ ಸಲ ಬರೆದಾಗ ಇದು ಬರೀ ಹವ್ಯಾಸ, ದೊಡ್ಡದೇನೂ ಆಗಲ್ಲ ಅಂದಿದ್ದರು. ಅದರ ಕರ್ನಲ್ ಈಗ ಪ್ರತಿ ಆಂಡ್ರಾಯ್ಡ್ ಫೋನಿನಲ್ಲಿದೆ. ಟ್ಯಾನನ್‌ಬಾಮ್ ಅನ್ನುವ ಪ್ರೊಫೆಸರ್ ಬರೆದ ಮಿನಿಕ್ಸ್ ಸಿಸ್ಟಮ್ ಮೊದಲು ಹುಟ್ಟಿದ್ದು ವಿದ್ಯಾರ್ಥಿಗಳ ಪಾಠಕ್ಕೆ. 2017ರಲ್ಲಿ ನೋಡಿದರೆ ಅದರ ಒಂದು ರೂಪ ಇಂಟೆಲ್ ಚಿಪ್ಪುಗಳ ಮ್ಯಾನೇಜ್‌ಮೆಂಟ್ ಎಂಜಿನ್ ಒಳಗೆ, ಕಂಪ್ಯೂಟರಿನ ಮಾಲೀಕನ ಕೈಗೆ ಸಿಗದ ಜಾಗದಲ್ಲಿ ಓಡುತ್ತಿತ್ತು. ಸುದ್ದಿ ಹೊರಬರುವವರೆಗೂ ಟ್ಯಾನನ್‌ಬಾಮ್ ಅವರಿಗೇ ಅದು ಗೊತ್ತಿರಲಿಲ್ಲ. ನಮ್ಮದು ಇಪ್ಪತ್ತಮೂರರಲ್ಲೇ ಉಳಿಯಬಹುದು. ಆದರೂ ಕೋಡ್ ತೆರೆದಿಟ್ಟಿದ್ದೇವೆ. ಯಾರೋ ನಾಳೆ ಎತ್ತಿಕೊಂಡರೆ ಆ ನಾಲ್ಕು ಸಾಲಿನ ಎಸ್‌ಎಂಬಯಾಸ್ ಕೋಡನ್ನೂ ಎತ್ತಿಕೊಳ್ಳುತ್ತಾರೆ.

ಬದಲಿಸಲು ಒಂದೂವರೆ ತಿಂಗಳು ಹಿಡಿಯಿತು. ಈಗ ನಮ್ಮ ಸಿಸ್ಟಮ್ ಬಿದ್ದರೆ ರಿಪೋರ್ಟ್ ಡಿಸ್ಕಿನಲ್ಲೇ ಉಳಿಯುತ್ತದೆ. ಮುಂದಿನ ಸಲ ಬೂಟ್ ಆದಾಗ ಎಡಿಟರಿನಲ್ಲಿ ತೆರೆದುಕೊಳ್ಳುತ್ತದೆ, ಕನ್ನಡದಲ್ಲಿ: ಇದು ಯಾವ ಯಂತ್ರ, ಇದು ಎಲ್ಲಿ ಬಿತ್ತು. ಸೀರಿಯಲ್ ನಂಬರ್ ಓದುವ ಕೋಡೇ ಇಲ್ಲ. ಪ್ರೋಗ್ರಾಮಿನ ಮೆಮೊರಿ ಪುಟ ಕಟ್ಟುವುದಿಲ್ಲ. ಕಟ್ಟಬೇಕಾಗಿ ಬಂದರೆ ಅದರಲ್ಲಿ ಓದಬಲ್ಲ ಪಠ್ಯ ಇದೆಯಾ ಅಂತ ನೋಡಿ, ಹೆಕ್ಸ್ ಅಲ್ಲ, ಅಕ್ಷರದಲ್ಲೇ ತೋರಿಸಿ, 'ಇದು ಹೋಗಬಹುದಾ' ಅಂತ ಕೇಳುತ್ತದೆ. ಕಳಿಸುವ ಗುಂಡಿ ಇಲ್ಲ. ಮೇಲ್‌ನಲ್ಲೋ ಪೆನ್‌ಡ್ರೈವಿನಲ್ಲೋ ಅವರೇ ಕಳಿಸಬೇಕು. ಐಪಿವಿ6 ವಿಳಾಸ ಈಗ ದಿನಕ್ಕೊಂದು. ಯಾದೃಚ್ಛಿಕ ಸಂಖ್ಯೆಯನ್ನು ಪೂರ್ತಿ ತೆಗೆದೆವು.

ರಿಪೋರ್ಟ್‌ಗಳು ಕಡಿಮೆಯಾದವು. ಮೊದಲು ವಾರಕ್ಕೆ ನಾಲ್ಕೈದು ಬರುತ್ತಿದ್ದವು, ಈಗ ತಿಂಗಳಿಗೆ ಎರಡು. ಗೆಳೆಯನಿಗೆ ಅದರ ಬೇಸರ ಇದೆ. ಆದರೆ ಬರುವ ಎರಡರ ಜೊತೆ ಜನ ತಾವು ಏನು ಮಾಡುತ್ತಿದ್ದರು ಅಂತ ನಾಲ್ಕು ಸಾಲು ಬರೆದಿರುತ್ತಾರೆ. ಅದನ್ನು ಅವನೂ ಒಪ್ಪುತ್ತಾನೆ.

ಕಳೆದ ವಾರ, ಆ ಕಾಗದ ಬರೆದಿದ್ದವರಿಂದ ಒಂದು ಬಂತು. ಮತ್ತೆ ಅದೇ ಡಿಸ್ಕ್ ಡ್ರೈವರ್. ಮೇಲ್‌ನಲ್ಲಿ, "ಸೇವ್ ಕೊಟ್ಟ ತಕ್ಷಣ ಬಿತ್ತು, ಕಾಗದ ಉದ್ದ ಇತ್ತು" ಅಂತ ಬರೆದಿದ್ದರು. ರಿಪೋರ್ಟ್ ತೆರೆದೆ. ನಡುವೆ ಸುಮಾರು ಆರು ಸಾಲಿನ ಜಾಗ ಖಾಲಿ. ಅಲ್ಲಿ ಕೆ.ಪಿ. ರಾವ್ ವಿನ್ಯಾಸದಲ್ಲಿ, ನಮ್ಮದೇ ಎಡಿಟರಿನಲ್ಲಿ, ಅವರೇ ಟೈಪ್ ಮಾಡಿದ್ದರು: ಇದು ಮನೆ ವಿಷಯ.

ಬಗ್ ಇನ್ನೂ ಸಿಕ್ಕಿಲ್ಲ. ಉದ್ದದ ಕಡತಗಳನ್ನು ನಾನೇ ಬರೆದು ಬರೆದು ಸೇವ್ ಮಾಡಿ ನೋಡುತ್ತಿದ್ದೇನೆ.